ಉತ್ತರ ಅಟ್ಲಾಂಟಿಕ್‌ನ ಆಳದ ತಣ್ಣೀರಿನ ಹರಿವು ಕಡಿಮೆ ಆಗ್ತಿದೆಯಾ? ನಮ್ಮ ಮಳೆಗೆ ಏನಾದರೂ ಆಗುತ್ತಾ?

ತೀರ್ಥಹಳ್ಳಿ ತೋಟದವ
ಎಲ್ಲರಿಗೂ ನಮಸ್ಕಾರ. ಆರಿದ್ರೆ ಮಳೆ ಶುರುವಾಗಿ ನಾಲ್ಕು ದಿನ ಆಯ್ತು, ಇನ್ನೂ ಹಳ್ಳ ಕೆಂಪಾಗಿಲ್ಲ. ಈ ಹೊತ್ತಿಗೇ ನಮ್ಮ ಕೇರಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೋ ಓಡಾಡ್ತಿದೆ. ಗ್ರೀನ್‌ಲ್ಯಾಂಡ್ ಹತ್ತಿರ ಸಮುದ್ರದ ಆಳದಲ್ಲಿ ಹರಿಯೋ ತಣ್ಣೀರು ಶೇಕಡಾ 30ರಷ್ಟು ಕಡಿಮೆ ಆಗಿದೆಯಂತೆ. ಅದು ನಿಂತರೆ ಮುಂಗಾರೂ ಹೋಯ್ತು ಅಂತ ಅದರಲ್ಲಿ ಹೇಳ್ತಾರೆ. ನೋಡಿದವರೆಲ್ಲ ಹೆದರಿದ್ದಾರೆ. ನಾನು ಈ ವರ್ಷ ಒಂದು ಎಕರೆಗೆ ಹೊಸದಾಗಿ ಅಡಿಕೆ ಸಸಿ ಇಡೋಣ ಅಂತಿದ್ದೆ. ಫಸಲು ಬರೋದಕ್ಕೆ ಐದಾರು ವರ್ಷ ಬೇಕು, ಮರ ನಿಲ್ಲೋದು ನಲವತ್ತು ಐವತ್ತು ವರ್ಷ. ಅದಕ್ಕೇ ಕೇಳ್ತಿದ್ದೇನೆ. ಸಮುದ್ರದ ವಿಷಯ ಓದಿದವರು ಯಾರಾದರೂ ಇದ್ದರೆ ಸರಿಯಾಗಿ ತಿಳಿಸಿ. ನಮ್ಮಪ್ಪ 1978ರಿಂದ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕ ಮನೆಯಲ್ಲಿದೆ. ಅದರಿಂದ ಏನಾದರೂ ಗೊತ್ತಾಗುತ್ತಾ ಅಂತಲೂ ಹೇಳಿ.

ಘಟ್ಟದ ಮೇಲೆ
ಫಾರ್ವರ್ಡ್ ವಿಡಿಯೋ ನೋಡಿ ಸಸಿ ಇಡೋದು ಬಿಡಬೇಡಿ ಮಾರಾಯ್ರೆ. ಗ್ರೀನ್‌ಲ್ಯಾಂಡ್ ಎಲ್ಲಿ, ಆಗುಂಬೆ ಎಲ್ಲಿ.

ಕಡಲ ಕಲಿಕೆ
ನಾನು ಹೊಸನಗರದ ಕಡೆಯವಳು. ಓದಿದ್ದು ಸಮುದ್ರದ ಭೌತಶಾಸ್ತ್ರ. ಈಗ ರಜೆಗೆ ಊರಿಗೆ ಬಂದಿದ್ದೇನೆ. ವಿಡಿಯೋದಲ್ಲಿ ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ 30 ಅನ್ನೋ ಸಂಖ್ಯೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಅದನ್ನು ಆಮೇಲೆ ಹೇಳ್ತೇನೆ. ಮೊದಲು ಆ ಹರಿವು ಏನು ಅಂತ ನೋಡೋಣ.

ಅಟ್ಲಾಂಟಿಕ್‌ನ ಮೇಲ್ಭಾಗದ ಬೆಚ್ಚಗಿನ ಉಪ್ಪುನೀರು ಉತ್ತರಕ್ಕೆ, ನಾರ್ವೆ ಕಡೆಯ ಸಮುದ್ರಗಳಿಗೆ ಹೋಗುತ್ತೆ. ದಾರಿಯುದ್ದಕ್ಕೂ ಗಾಳಿಗೆ ಶಾಖ ಬಿಟ್ಟುಕೊಡುತ್ತೆ. ತಣ್ಣಗಾಗ್ತಾ ಆಗ್ತಾ ಭಾರ ಆಗುತ್ತೆ. ಸಿಹಿನೀರು 4 ಡಿಗ್ರಿಯಲ್ಲಿ ಅತಿ ಭಾರ, ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರ ಆಗುತ್ತೆ. ಸಮುದ್ರದ ನೀರು ಹಾಗಲ್ಲ. ಒಂದು ಕೆ.ಜಿ ನೀರಿಗೆ 35 ಗ್ರಾಂನಷ್ಟು ಉಪ್ಪು ಇರೋದರಿಂದ ಅದು ಹೆಪ್ಪುಗಟ್ಟುವವರೆಗೂ, ಅಂದರೆ ಮೈನಸ್ 1.8 ಡಿಗ್ರಿವರೆಗೂ, ಭಾರ ಆಗ್ತಲೇ ಹೋಗುತ್ತೆ. ಭಾರ ಆದ ನೀರು ಕೆಳಗಿಳಿದು ಆ ಸಮುದ್ರಗಳ ತಳದಲ್ಲಿ ತುಂಬಿಕೊಳ್ಳುತ್ತೆ.

ಆದರೆ ಅದಕ್ಕೆ ದಕ್ಷಿಣಕ್ಕೆ ಬರೋದಕ್ಕೆ ನೇರ ದಾರಿ ಇಲ್ಲ. ಗ್ರೀನ್‌ಲ್ಯಾಂಡ್‌ನಿಂದ ಐಸ್‌ಲ್ಯಾಂಡ್, ಫ್ಯಾರೋ ದ್ವೀಪಗಳನ್ನು ಮುಟ್ಟಿಕೊಂಡು ಸ್ಕಾಟ್ಲೆಂಡ್‌ವರೆಗೆ ನೀರಿನಡಿಯಲ್ಲಿ ಒಂದು ಗುಡ್ಡಸಾಲು ಅಡ್ಡ ಮಲಗಿದೆ. ನಮ್ಮ ಘಟ್ಟದ ಹಾಗೆಯೇ ಅಂದುಕೊಳ್ಳಿ. ಅದರಲ್ಲಿ ಒಂದೆರಡು ಕಡೆ ತಗ್ಗು ಇದೆ. ಗ್ರೀನ್‌ಲ್ಯಾಂಡ್–ಐಸ್‌ಲ್ಯಾಂಡ್ ನಡುವಿನ ಡೆನ್ಮಾರ್ಕ್ ಜಲಸಂಧಿಯಲ್ಲಿ ಹೊಸ್ತಿಲು ಸುಮಾರು 640 ಮೀಟರ್ ಆಳದಲ್ಲಿದೆ. ಫ್ಯಾರೋ ದ್ವೀಪಗಳ ಪಕ್ಕದ ಕಾಲುವೆಯಲ್ಲಿ ಸುಮಾರು 840 ಮೀಟರ್ ಆಳ. ಇದಕ್ಕೆ ಫ್ಯಾರೋ ಬ್ಯಾಂಕ್ ಚಾನೆಲ್ ಅಂತ ಹೆಸರು. ಹಿಂದೆ ತುಂಬಿರುವ ತಣ್ಣೀರು ಈ ಹೊಸ್ತಿಲುಗಳ ಮೇಲೆ ಉಕ್ಕಿ, ಆಚೆ ಕಡೆಯ ಇಳಿಜಾರಿನಲ್ಲಿ ಅಟ್ಲಾಂಟಿಕ್‌ನ ತಳಕ್ಕೆ ಇಳಿಯುತ್ತೆ. ವಿಡಿಯೋದವರು ಹೇಳೋ ಆಳದ ಹರಿವು ಹುಟ್ಟೋದು ಮುಖ್ಯವಾಗಿ ಇಲ್ಲಿ.

ಗಾಜನೂರು ನೀರು
ನಾನು ನಲವತ್ತು ವರ್ಷ ನೀರಾವರಿ ಕೆಲಸದಲ್ಲಿದ್ದವನು. ಅಡಿ, ಕ್ಯೂಸೆಕ್, ಟಿಎಂಸಿ ಬಿಟ್ಟರೆ ಬೇರೆ ಭಾಷೆ ನನಗೆ ತಲೆಗೆ ಹತ್ತೋದಿಲ್ಲ ಮಗಳೇ. ಆ ಹೊಸ್ತಿಲ ಮೇಲೆ ಎಷ್ಟು ಕ್ಯೂಸೆಕ್ ಹೋಗುತ್ತೆ ಹೇಳು.

ಕಡಲ ಕಲಿಕೆ
ಹೇಳ್ತೇನೆ ಸರ್. ಸಮುದ್ರದವರ ಅಳತೆ ಸ್ವೆರ್ಡ್ರಪ್. ಒಂದು ಸ್ವೆರ್ಡ್ರಪ್ ಅಂದರೆ ಸೆಕೆಂಡಿಗೆ 10 ಲಕ್ಷ ಘನ ಮೀಟರ್. ಡೆನ್ಮಾರ್ಕ್ ಜಲಸಂಧಿಯ ಸರಾಸರಿ ಸುಮಾರು 3.2 ಸ್ವೆರ್ಡ್ರಪ್. ಕ್ಯೂಸೆಕ್‌ಗೆ ತಿರುಗಿಸಿದರೆ ಹೆಚ್ಚುಕಡಿಮೆ 11 ಕೋಟಿ. ಲಿಂಗನಮಕ್ಕಿ ಪೂರ್ತಿ ತುಂಬೋದಕ್ಕೆ 151 ಟಿಎಂಸಿ ಬೇಕಲ್ವಾ? ಈ ಹರಿವು ಅದನ್ನು ಖಾಲಿಯಿಂದ 1819 ಅಡಿವರೆಗೆ 23 ನಿಮಿಷದೊಳಗೆ ತುಂಬಿಸುತ್ತೆ. ನಿಮ್ಮ ಗಾಜನೂರಿನ ತುಂಗಾ ಜಲಾಶಯಕ್ಕೆ ಅರ್ಧ ನಿಮಿಷ ಸಾಕು.

ಫ್ಯಾರೋ ಕಾಲುವೆಯಲ್ಲಿ ಇನ್ನೊಂದು 2 ಸ್ವೆರ್ಡ್ರಪ್ ಬರುತ್ತೆ. ಉಳಿದ ಸಣ್ಣಪುಟ್ಟ ತಗ್ಗುಗಳದ್ದೂ ಸೇರಿಸಿದರೆ ಒಟ್ಟು 6ರ ಆಸುಪಾಸು. ಇಳಿಯುವಾಗ ಸುತ್ತಲಿನ ನೀರನ್ನೂ ಎಳೆದುಕೊಳ್ಳುತ್ತೆ. ಹೀಗಾಗಿ ತಳ ಸೇರುವ ಹೊತ್ತಿಗೆ ಹರಿವು ಹೆಚ್ಚುಕಡಿಮೆ ದುಪ್ಪಟ್ಟಾಗಿರುತ್ತೆ.

ಗಾಜನೂರು ನೀರು
11 ಕೋಟಿ ಕ್ಯೂಸೆಕ್! ತುಂಗೆಯಲ್ಲಿ ಒಂದು ಲಕ್ಷ ಕ್ಯೂಸೆಕ್ ಹತ್ತಿರ ಬಂದರೆ ನಾವು ರಾತ್ರಿಯಿಡೀ ಗೇಟಿನ ಹತ್ತಿರವೇ ನಿಲ್ಲುತ್ತಿದ್ದೆವು.

ಜೋಗದ ಹುಡುಗಿ
ನಾನು ಬಿ.ಎಸ್ಸಿ ಎರಡನೇ ವರ್ಷ. ಡೆನ್ಮಾರ್ಕ್ ಜಲಸಂಧಿಯಲ್ಲಿ ಜಗತ್ತಿನ ಅತಿ ದೊಡ್ಡ ಜಲಪಾತ ಇದೆ ಅಂತ ಓದಿದ್ದೆ. ಮೂರು ಕಿಲೋಮೀಟರ್‌ಗಿಂತ ಎತ್ತರವಂತೆ. ನಮ್ಮ ಜೋಗ 253 ಮೀಟರ್. ಅದು ಇದೇನಾ ಅಕ್ಕ? ನೀರಿನೊಳಗೆ ನೀರು ಬೀಳೋದು ಹೇಗೆ?

ಕಡಲ ಕಲಿಕೆ
ಇದೇ. ಆದರೆ ಜೋಗದಲ್ಲಿ ರಾಜ ಬೀಳೋ ಹಾಗೆ ನೆಟ್ಟಗೆ ಬೀಳೋದಿಲ್ಲ. ನೂರಾರು ಕಿಲೋಮೀಟರ್ ಉದ್ದಕ್ಕೆ ಜಾರಿಕೊಂಡು ಇಳಿಯುತ್ತೆ. ಭೂಮಿ ತಿರುಗೋದರಿಂದ ಉತ್ತರಾರ್ಧದಲ್ಲಿ ಹರಿಯೋ ನೀರು ಬಲಕ್ಕೆ ವಾಲುತ್ತೆ. ಅದಕ್ಕೇ ಈ ಹರಿವು ಗ್ರೀನ್‌ಲ್ಯಾಂಡ್‌ನ ಇಳಿಜಾರನ್ನು ಬಲಗಡೆಗೆ ಒತ್ತಿಕೊಂಡು, ಓರೆಯಾಗಿ ಇಳಿಯುತ್ತೆ. ಗುಡ್ಡದ ಬದಿಗೆ ಅಗೆದ ಅಗಳಿನಲ್ಲಿ ನೀರು ಹೋಗೋದಿಲ್ವಾ, ಹಾಗೆ.

ಇಷ್ಟೆಲ್ಲ ನಡೆಯೋದು ಎಷ್ಟು ಸಣ್ಣ ವ್ಯತ್ಯಾಸದಿಂದ ಗೊತ್ತಾ? ಒಂದು ಘನ ಮೀಟರ್ ಸಮುದ್ರದ ನೀರು 1027–1028 ಕೆ.ಜಿ ತೂಗುತ್ತೆ. ಉಕ್ಕುವ ತಣ್ಣೀರಿಗೂ ಪಕ್ಕದ ನೀರಿಗೂ ಇರೋ ವ್ಯತ್ಯಾಸ ಅರ್ಧ ಕೆ.ಜಿಗೂ ಕಡಿಮೆ.

ಹಡಗಿನವ
ಐಸ್‌ಲ್ಯಾಂಡ್‌ನ ಪಶ್ಚಿಮಕ್ಕೆ ಎರಡು ಸಲ ಹೋಗಿದ್ದೇನೆ. ಮೇಲೆ ಏನೂ ಕಾಣೋದಿಲ್ಲ. ಮಂಜು, ಗಾಳಿ, ದೂರದಲ್ಲಿ ತೇಲೋ ಹಿಮದ ತುಂಡುಗಳು. ಕಾಲಡಿಯಲ್ಲಿ ಇಷ್ಟು ನೀರು ಹರೀತಿತ್ತು ಅಂತ ಇವತ್ತು ಗೊತ್ತಾಯ್ತು.

ಸಾಗರದ ಮೇಷ್ಟ್ರು
ನಿವೃತ್ತ ಭೌತಶಾಸ್ತ್ರ ಮೇಷ್ಟ್ರು ನಾನು. ನೀರೊಳಗೆ ನೀರು ಬೀಳೋದು ಹೇಗೆ ಅಂತ ಕೇಳಿದ ಹುಡುಗಿಗೆ ಎರಡು ಮಾತು.

ಒಂದು, ಇದನ್ನು ನೀನು ನಿನ್ನ ಊರಲ್ಲೇ ನೋಡಿರ್ತೀಯ. ಮಾಗಿ ಚಳಿಯಲ್ಲಿ ಬೆಳಿಗ್ಗೆ ಬೇಗ ಎದ್ದು ಗುಡ್ಡದ ಮೇಲಿನ ಮನೆಯಿಂದ ಗದ್ದೆ ಬಯಲಿಗೆ ಇಳಿ. ಇಳೀತಾ ಇಳೀತಾ ಒಂದು ಕಡೆ ಕಾಲಿಗೆ ತಣ್ಣಗೆ ತಾಗುತ್ತೆ, ಹೊಳೆಗೆ ಇಳಿದ ಹಾಗೆ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಕಣಿವೆಯಲ್ಲಿ ತುಂಬಿರುತ್ತೆ, ಅದರ ಮೇಲೆ ಕಾವಳ. ಎರಡು ಗುಡ್ಡದ ನಡುವೆ ತಗ್ಗು ಇರೋ ಕಡೆ ಆ ಕಾವಳ ಆಚೆಗೆ ನಿಧಾನವಾಗಿ ಸುರಿಯೋದನ್ನು ನಮ್ಮ ಮನೆ ಜಗಲಿಯಿಂದ ನಾನು ಎಷ್ಟೋ ಸಲ ನೋಡಿದ್ದೇನೆ. ಗಾಳಿಯೊಳಗೆ ಗಾಳಿ ಬೀಳುತ್ತೆ. ನೀರಿನೊಳಗೆ ನೀರೂ ಹಾಗೇ.

ಎರಡು, ನಿನ್ನೆ ಮಧ್ಯಾಹ್ನ ಮೊಮ್ಮಗನ ಜೊತೆ ಸೇರಿ ಇದನ್ನು ಮಾಡಿ ನೋಡಿದೆ. ಮನೆಯಲ್ಲಿ ಹಳೆಯ ಮೀನಿನ ಗಾಜಿನ ತೊಟ್ಟಿ ಇತ್ತು, ಎರಡು ಅಡಿ ಉದ್ದದ್ದು. ನಡುವೆ ಇಟ್ಟಿಗೆ ಅಡ್ಡ ಇಟ್ಟು, ಸಂದಿಗಳಿಗೆ ಜೇಡಿಮಣ್ಣು ಮೆತ್ತಿದೆವು. ಒಂದು ಬದಿಗೆ ಸ್ಲೇಟನ್ನು ಇಟ್ಟಿಗೆಗೆ ಒರಗಿಸಿ ಇಳಿಜಾರು ಮಾಡಿದೆವು. ಇಟ್ಟಿಗೆ ಮುಳುಗಿ ನಾಲ್ಕು ಬೆರಳು ಮೇಲೆ ಬರೋವಷ್ಟು ಬಾವಿ ನೀರು ತುಂಬಿದೆವು. ಫ್ರಿಜ್‌ನಲ್ಲಿ ತಣ್ಣಗೆ ಮಾಡಿದ ನೀರಿಗೆ ಎರಡು ಹಿಡಿ ಉಪ್ಪು, ಬಣ್ಣಕ್ಕೆ ಬೀಟ್‌ರೂಟ್ ರಸ. ಅದನ್ನು ಆಲಿಕೆಗೆ ಕೊಳವೆ ಸಿಕ್ಕಿಸಿ ಇಟ್ಟಿಗೆಯ ಇನ್ನೊಂದು ಬದಿಯ ತಳಕ್ಕೆ ಮೆಲ್ಲಗೆ ಬಿಟ್ಟೆವು.

ಕೆಂಪು ನೀರು ತಳದಲ್ಲೇ ಹರಡಿತು. ಮೇಲಿನ ತಿಳಿನೀರು ಹಾಗೇ ಇತ್ತು. ಕೆಂಪು ಏರ್ತಾ ಏರ್ತಾ ಇಟ್ಟಿಗೆಯ ತಲೆ ಮುಟ್ಟಿತು. ಆಮೇಲೆ ಅಂಚಿನಿಂದ ಒಂದು ತೆಳ್ಳನೆ ಕೆಂಪು ನಾಲಿಗೆ ಇಳಿಯಿತು. ಮುಂದಿನ ತುದಿ ದಪ್ಪ, ಹಾವಿನ ತಲೆಯ ಹಾಗೆ. ಸ್ಲೇಟಿನ ಮೇಲೆ ಜಾರುವಾಗ ಅದರ ಬೆನ್ನಿನ ಮೇಲೆ ಸಣ್ಣ ಸಣ್ಣ ಸುಳಿಗಳು ಎದ್ದು ತಿಳಿನೀರನ್ನು ಒಳಗೆ ಎಳೆದುಕೊಂಡವು. ತಳ ಸೇರಿದಾಗ ಬಣ್ಣ ತಿಳಿಯಾಗಿತ್ತು, ಪದರ ದಪ್ಪ ಆಗಿತ್ತು. ಹರಿವು ದುಪ್ಪಟ್ಟಾಗುತ್ತೆ ಅಂತ ಮಗಳು ಬರೆದಿದ್ದಳಲ್ಲ, ಅದು ಇದೇ. ಇನ್ನೊಂದು ವಿಷಯ ನೋಡಿದೆ. ನಾವು ಸುರಿಯೋದು ನಿಲ್ಲಿಸಿದ ಮೇಲೂ ಇಟ್ಟಿಗೆಯ ಮೇಲೆ ಕೆಂಪು ನೀರು ಸ್ವಲ್ಪ ಹೊತ್ತು ಹರೀತಾನೇ ಇತ್ತು.

ಈ ತೊಟ್ಟಿಯಲ್ಲಿ ಭೂಮಿ ತಿರುಗೋದರ ಪರಿಣಾಮ ಕಾಣೋದಿಲ್ಲ. ಅಷ್ಟರ ಮಟ್ಟಿಗೆ ಇದು ಸಮುದ್ರಕ್ಕಿಂತ ಬೇರೆ.

ಕಡಲ ಕಲಿಕೆ
ಮೇಷ್ಟ್ರೇ, ನೀವು ಕೊನೆಯಲ್ಲಿ ನೋಡಿದ್ದರಲ್ಲಿ ತೋಟದವರ ಪ್ರಶ್ನೆಗೆ ಅರ್ಧ ಉತ್ತರ ಇದೆ. ಸುರಿಯೋದು ನಿಂತರೂ ಹರಿವು ನಿಲ್ಲಲಿಲ್ಲ. ಯಾಕೆಂದರೆ ಇಟ್ಟಿಗೆಯ ಹಿಂದೆ ದಾಸ್ತಾನು ಇತ್ತು.

ಈಗ ಏರಿಳಿತದ ವಿಷಯ. ಡೆನ್ಮಾರ್ಕ್ ಜಲಸಂಧಿಯ ಹೊಸ್ತಿಲಲ್ಲಿ ನಿಂತು ನೋಡಿದರೆ ಹರಿವು ಒಂದೇ ಸಮ ಇರೋದಿಲ್ಲ. ಎರಡರಿಂದ ಐದು ದಿನಕ್ಕೊಮ್ಮೆ ದೊಡ್ಡ ಗುಡ್ಡೆಯಂತೆ ತಣ್ಣೀರು ಉಕ್ಕುತ್ತೆ. ಇನ್ನು ಕೆಲವು ಸಲ ಪದರ ತೆಳ್ಳಗಾಗಿ, ವೇಗ ಮಾತ್ರ ಜೋರಾಗುತ್ತೆ. ನಡುವೆ ಸೊರಗುತ್ತೆ. ಹೊಸ್ತಿಲ ಹತ್ತಿರ ಹುಟ್ಟುವ ಸುಳಿಗಳಿಂದ ಹೀಗಾಗುತ್ತೆ. ನೀವು ಸೋಮವಾರ ಅಳೆದರೆ ಒಂದು ಲೆಕ್ಕ, ಗುರುವಾರ ಅಳೆದರೆ ಇನ್ನೊಂದು.

ಆದರೆ ವರ್ಷದ ಸರಾಸರಿ ತೆಗೆದರೆ ಆಶ್ಚರ್ಯ. 1996ರಿಂದ ಅಲ್ಲಿ ಮೀಟರ್ ಇಟ್ಟು ಅಳೀತಿದ್ದಾರೆ. ವರ್ಷದಿಂದ ವರ್ಷಕ್ಕೆ ಸ್ವಲ್ಪ ಹೆಚ್ಚುಕಡಿಮೆ ಇದೆ, ಆದರೆ ಒಂದೇ ಸಮ ಇಳೀತಾ ಹೋಗುವ ಗೆರೆ ಸಿಕ್ಕಿಲ್ಲ. ಫ್ಯಾರೋ ಕಾಲುವೆಯಲ್ಲಿ 1995ರಿಂದ ಅಳತೆ ಇದೆ. ಅಲ್ಲಿ ಇನ್ನೂ ಸ್ಥಿರ.

ಇದು ಯಾಕೆ ಹೀಗೆ ಅಂತ ಗಾಜನೂರು ಸರ್‌ಗೆ ತಕ್ಷಣ ಗೊತ್ತಾಗುತ್ತೆ. ಗಾಜನೂರು ಚಿಕ್ಕ ಜಲಾಶಯ. ಶೃಂಗೇರಿ ಕಡೆ ಮಳೆ ಬಿದ್ದರೆ ಬೇಗ ತುಂಬಿ ಗೇಟು ಎತ್ತಬೇಕು, ಮಳೆ ನಿಂತರೆ ಇಳಿಸಬೇಕು. ಲಿಂಗನಮಕ್ಕಿ ಹಾಗಲ್ಲ. ಮಳೆಗಾಲದಲ್ಲಿ ತುಂಬಿದ್ದು ಬೇಸಿಗೆಯವರೆಗೂ ವಿದ್ಯುತ್ತಿಗೆ ನೀರು ಕೊಡ್ತಾ ಇರುತ್ತೆ. ನಾರ್ವೆ ಕಡೆಯ ಸಮುದ್ರಗಳು ಲಿಂಗನಮಕ್ಕಿಯ ಜಾತಿ. ಅವುಗಳ ಆಳ ಮೂರು ಸಾವಿರ ಮೀಟರ್ ದಾಟುತ್ತೆ. ಹೊಸ್ತಿಲಿಗಿಂತ ಮೇಲೆ ನಿಂತಿರುವ ತಣ್ಣೀರೇ ಬೇಕಾದಷ್ಟಿದೆ. ಹೊಸ್ತಿಲ ಮೇಲಿನ ಹರಿವನ್ನು ಎರಡು ವಿಷಯ ಮುಖ್ಯವಾಗಿ ನಿರ್ಧರಿಸುತ್ತೆ. ಹಿಂದಿನ ತಣ್ಣೀರು ಹೊಸ್ತಿಲಿಗಿಂತ ಎಷ್ಟು ಎತ್ತರಕ್ಕೆ ನಿಂತಿದೆ ಅನ್ನೋದು ಒಂದು. ಎರಡೂ ಕಡೆಯ ನೀರಿನ ತೂಕದ ವ್ಯತ್ಯಾಸ ಎಷ್ಟು ಅನ್ನೋದು ಇನ್ನೊಂದು. ಆ ಎತ್ತರ ಎರಡರಷ್ಟಾದರೆ ಹರಿವು ನಾಲ್ಕರಷ್ಟಾಗುತ್ತೆ. ದೊಡ್ಡ ದಾಸ್ತಾನಿನ ಎತ್ತರ ಒಂದು ಚಳಿಗಾಲ ಕೈಕೊಟ್ಟ ಮಾತ್ರಕ್ಕೆ ಬದಲಾಗೋದಿಲ್ಲ.

ಇನ್ನು ಆ 30. ಅಟ್ಲಾಂಟಿಕ್‌ನಲ್ಲಿ ಮೇಲಿನ ನೀರು ಉತ್ತರಕ್ಕೆ, ಆಳದ ನೀರು ದಕ್ಷಿಣಕ್ಕೆ ಹೋಗುವ ಇಡೀ ಚಕ್ರವನ್ನು ಎ.ಎಂ.ಓ.ಸಿ ಅಂತಾರೆ. 2005ರಲ್ಲಿ ಸಮುದ್ರ ವಿಜ್ಞಾನಿ ಹ್ಯಾರಿ ಬ್ರೈಡನ್ ಮತ್ತು ಜೊತೆಗಾರರು ಒಂದು ಲೇಖನ ಬರೆದರು. 1957, 1981, 1992, 1998, 2004, ಹೀಗೆ ಐದು ಸಲ ಹಡಗು ಅಟ್ಲಾಂಟಿಕ್ ದಾಟಿ ತೆಗೆದ ಅಳತೆಗಳನ್ನು ಜೋಡಿಸಿದರು. ಚಕ್ರ ಶೇಕಡಾ 30ರಷ್ಟು ನಿಧಾನವಾಗಿದೆ ಅಂತ ಬಂತು. ದೊಡ್ಡ ಸುದ್ದಿ ಆಯ್ತು. ಆದರೆ ಅದೇ ಗುಂಪಿನವರೇ 2004ರಲ್ಲಿ, ಆ ಹಡಗುಗಳ ದಾರಿಯ ಹತ್ತಿರವೇ, 26.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬಹಾಮಾಸ್‌ನಿಂದ ಆಫ್ರಿಕಾದವರೆಗೆ ಸಾಲಾಗಿ ಮೀಟರ್ ಇಳಿಬಿಟ್ಟಿದ್ದರು. ರ‍್ಯಾಪಿಡ್ ಅಂತ ಅದರ ಹೆಸರು. ಮೊದಲ ಒಂದೇ ವರ್ಷದಲ್ಲಿ ಹರಿವು 4ರಿಂದ 35 ಸ್ವೆರ್ಡ್ರಪ್‌ವರೆಗೆ ಏರಿಳಿಯಿತು! ಐವತ್ತು ವರ್ಷದ ಇಳಿಕೆ ಅಂದುಕೊಂಡಿದ್ದು ಸುಮಾರು 8. ಅದು ಒಂದು ವರ್ಷದ ಏರಿಳಿತದೊಳಗೇ ಮುಳುಗಿಹೋಯ್ತು. ಐದು ಹಡಗು ಐದು ಬೇರೆ ಬೇರೆ ದಿನ ಅಳೆದದ್ದಷ್ಟೇ ಅಂತ ಆಮೇಲೆ ತಿಳಿಯಿತು.

ಫ್ಯಾರೋ ಕಾಲುವೆಯಲ್ಲೂ ಇದೇ ಕಥೆ. ನಾರ್ವೆ ಸಮುದ್ರದಲ್ಲಿ ಹವಾಮಾನದ ಹಡಗೊಂದು 1948ರಿಂದ ಒಂದೇ ಜಾಗದಲ್ಲಿ ನಿಂತು ಅಳೀತಿತ್ತು. ಮೈಕ್ ಅಂತ ಆ ಜಾಗವನ್ನು ಕರೀತಿದ್ದರು. ಅಲ್ಲಿನ ಲೆಕ್ಕವನ್ನೂ ನೋಡಿ, 1950ರಿಂದ ಈಚೆಗೆ ಫ್ಯಾರೋ ಹರಿವು ಶೇಕಡಾ 20ರಷ್ಟಾದರೂ ಇಳಿದಿದೆ ಅಂತ 2001ರಲ್ಲಿ ಬರೆದರು. ಬೋಗಿ ಹ್ಯಾನ್ಸನ್ ಅನ್ನೋವರು ಅದರಲ್ಲಿ ಮೊದಲ ಹೆಸರು. ಆಮೇಲೆ ಅದೇ ಹ್ಯಾನ್ಸನ್ ಮತ್ತು ಜೊತೆಗಾರರು ಇಪ್ಪತ್ತು ವರ್ಷ ಬಿಡದೆ ಅಳೆದು, 1995ರಿಂದ 2015ರವರೆಗೆ ಹರಿವು ಸ್ಥಿರವಾಗಿದೆ ಅಂತ ತಾವೇ ಬರೆದರು. ನನಗೆ ಇವರ ಮೇಲೆ ತುಂಬ ಗೌರವ.

ತೀರ್ಥಹಳ್ಳಿ ತೋಟದವ
ಮೇಡಂ, ನೀವು ಬರೆದಿದ್ದು ಓದಿ ರಾತ್ರಿ ಅಪ್ಪನ ಪುಸ್ತಕ ತೆಗೆದೆ. ಅಂಚೆಲ್ಲ ಗೆದ್ದಲು ತಿಂದಿದೆ, ಆದರೆ ಅಂಕಿ ಓದೋಕೆ ಬರುತ್ತೆ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಇಂಚಿನಲ್ಲಿ ಬರೆದಿದ್ದಾರೆ. ಜ್ವರ ಬಂದ ದಿನ ಅಮ್ಮನ ಅಕ್ಷರ ಇದೆ.

ಆ ಐದು ಹಡಗಿನ ಹಾಗೆ ನಾನೂ ಮಾಡಿ ನೋಡಿದೆ. ಕಣ್ಣುಮುಚ್ಚಿ ಐದು ವರ್ಷ ಆರಿಸಿ, ಪ್ರತಿ ವರ್ಷದ ಜುಲೈ 15ರ ಮಳೆ ಮಾತ್ರ ಬರೆದುಕೊಂಡೆ. ಮೊದಲನೆಯದು ಆರು ಇಂಚು, ಕೊನೆಯದು ಅರ್ಧ ಇಂಚೂ ಇಲ್ಲ. ನೋಡಿದವರು ಮಳೆ ಹೋಯ್ತು ಅಂತಲೇ ಹೇಳ್ತಾರೆ. ಅದೇ ಐದು ವರ್ಷದ ಜುಲೈ 19 ತೆಗೆದೆ. ಉಲ್ಟಾ! ಮಳೆ ಏರ್ತಾ ಹೋದ ಹಾಗೆ ಕಾಣ್ತು. ಆಮೇಲೆ ಪುನರ್ವಸು, ಪುಷ್ಯ ಎರಡೂ ಮಳೆಯ ಪೂರ್ತಿ ಮೊತ್ತ ಹಾಕಿದೆ. ಆಗ ಆ ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ. ರಾತ್ರಿ ಹನ್ನೊಂದೂವರೆವರೆಗೆ ಕೂತಿದ್ದೆ. ಅಪ್ಪ ಒಂದು ದಿನವೂ ಬಿಡದೆ ಬರೆದದ್ದು ಯಾಕೆ ಅಂತ ಈಗ ಗೊತ್ತಾಯ್ತು.

ಘಟ್ಟದ ಮೇಲೆ
ಹಾಗಾದರೆ ನಾನು ಹೇಳಿದ್ದೇ ಸರಿ ಆಯ್ತಲ್ವಾ? ಎಲ್ಲ ಮಾಮೂಲಿ ಏರಿಳಿತ. ಚಿಂತೆ ಬೇಡ.

ಕಡಲ ಕಲಿಕೆ
ಇಲ್ಲ ಅಣ್ಣ. ಇದನ್ನು ಒಪ್ಪೋದಕ್ಕೆ ಆಗೋದಿಲ್ಲ. ಏರಿಳಿತ ಜಾಸ್ತಿ ಇದ್ದರೆ ಇಳಿಕೆಯನ್ನು ಗುರುತು ಹಿಡಿಯೋದು ಕಷ್ಟ ಅಂತ ಅರ್ಥ. ಇಳಿಕೆ ಇಲ್ಲವೇ ಇಲ್ಲ ಅಂತಲ್ಲ. ಚಿಂತೆ ಮಾಡಬೇಕಾದ ವಿಷಯಗಳು ಇವೆ, ನನಗಂತೂ ಇದೆ.

ಫ್ಯಾರೋ ಕಾಲುವೆಯಲ್ಲಿ ನೀರಿನ ಪ್ರಮಾಣ ಬದಲಾಗಿಲ್ಲ ಅಂದೆನಲ್ಲ. ಆದರೆ ಅದೇ 20 ವರ್ಷದಲ್ಲಿ ತಳದ ನೀರು ಸುಮಾರು 0.1 ಡಿಗ್ರಿ ಬೆಚ್ಚಗಾಗಿದೆ. ಬೆಚ್ಚಗಾದರೆ ಹಗುರ ಆಗಬೇಕಿತ್ತು. ಜೊತೆಗೆ ಉಪ್ಪೂ ಹೆಚ್ಚಾಗಿದ್ದರಿಂದ ತೂಕ ಸರಿದೂಗಿತು. ಅಷ್ಟೇ ನೀರು ಬರ್ತಿದೆ, ಆದರೆ ಅದೇ ನೀರಲ್ಲ. ಇನ್ನು ಗ್ರೀನ್‌ಲ್ಯಾಂಡ್ ಸಮುದ್ರದಲ್ಲಿ ಮೇಲಿನ ನೀರು ತಳದವರೆಗೂ ಮುಳುಗುತ್ತಿದ್ದದ್ದು 1980ರ ಈಚೆಗೆ ತೀರಾ ಕಡಿಮೆಯಾಯ್ತು. ಈಗ ಅಷ್ಟು ಆಳಕ್ಕೆ ಹೋಗದ, ನಡುವಿನ ಆಳದ ನೀರೇ ಹೊಸ್ತಿಲಿಗೆ ಬರ್ತಿದೆ. ದಾಸ್ತಾನಿಗೆ ನೀರು ಬರುವ ದಾರಿ ಬದಲಾಗಿದೆ. 

ಸಿಹಿನೀರು ಸೇರಿದರೆ ಏನಾಗುತ್ತೆ ಅಂತ ಒಮ್ಮೆ ಕಣ್ಣಾರೆ ನೋಡಿದ್ದಾರೆ. 1960ರ ದಶಕದ ಕೊನೆಯಲ್ಲಿ ಆರ್ಕ್ಟಿಕ್‌ನಿಂದ ತುಂಬ ಹಿಮ, ಸಿಹಿನೀರು ಕೆಳಗೆ ಬಂತು. ಅದು ಕೆನಡಾ–ಗ್ರೀನ್‌ಲ್ಯಾಂಡ್ ನಡುವಿನ ಲ್ಯಾಬ್ರಡಾರ್ ಸಮುದ್ರಕ್ಕೆ ತಲುಪಿದಾಗ ಮೇಲಿನ ಪದರ ಹಗುರವಾಗಿ, 1969ರಿಂದ 1971ರವರೆಗಿನ ಚಳಿಗಾಲಗಳಲ್ಲಿ ಅಲ್ಲಿ ನೀರು ಆಳಕ್ಕೆ ಮುಳುಗೋದೇ ನಿಂತಿತು. 1972ರ ಚಳಿಗಾಲ ತುಂಬ ಕಠಿಣವಾಗಿತ್ತು, ಆಗ ಮತ್ತೆ ಶುರುವಾಯ್ತು. 1990ರ ದಶಕದ ಆರಂಭದಲ್ಲಂತೂ ಅದೇ ಜಾಗದಲ್ಲಿ ಎರಡು ಸಾವಿರ ಮೀಟರ್‌ಗಿಂತ ಆಳಕ್ಕೆ ಮುಳುಗಿತು. ನಿಲ್ಲಲೂ ಬಲ್ಲದು, ಮತ್ತೆ ಏಳಲೂ ಬಲ್ಲದು. ಆದರೆ ಈಗ ಗ್ರೀನ್‌ಲ್ಯಾಂಡ್‌ನ ಹಿಮವೇ ಕರಗಿ ವರ್ಷವೂ ಸೇರ್ತಿದೆ. ಅದು ಒಂದು ಸಲ ಬಂದು ಹೋಗುವ ನೀರಲ್ಲ.

ತೀರ್ಥಹಳ್ಳಿ ತೋಟದವ
ಹಾಗಾದರೆ ಮುಂದೆ ಏನು? ಮಳೆ?

ಕಡಲ ಕಲಿಕೆ
ನೇರವಾಗಿ ಹೇಳ್ತೇನೆ. ಹವಾಮಾನ ಬದಲಾವಣೆ ಬಗ್ಗೆ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ 2021ರ ವರದಿ ಪ್ರಕಾರ ಈ ಶತಮಾನದಲ್ಲಿ ಎ.ಎಂ.ಓ.ಸಿ ನಿಧಾನವಾಗುವ ಸಾಧ್ಯತೆ ತುಂಬ ಹೆಚ್ಚು. 2100ರೊಳಗೆ ಒಮ್ಮೆಲೇ ಕುಸಿಯೋದಿಲ್ಲ ಅನ್ನೋದಕ್ಕೆ ಮಧ್ಯಮ ಮಟ್ಟದ ಭರವಸೆ ಅಂತ ಬರೆದಿದ್ದಾರೆ. ಮಧ್ಯಮ ಅನ್ನೋ ಆ ಪದ ನನಗೆ ಸಮಾಧಾನ ಕೊಡೋದಿಲ್ಲ. 2023ರಲ್ಲಿ ಡೆನ್ಮಾರ್ಕ್‌ನ ಪೀಟರ್ ಮತ್ತು ಸುಸಾನ್ ಡಿಟ್ಲೆವ್ಸನ್ 2025ರಿಂದ 2095ರ ನಡುವೆ ಕುಸಿಯಬಹುದು ಅಂತ ಲೆಕ್ಕ ಹಾಕಿದರು. ಅವರು ಆಧರಿಸಿದ್ದು ಆಳದ ಹರಿವಿನ ಅಳತೆಯನ್ನಲ್ಲ. ಸಮುದ್ರದ ಮೇಲ್ಮೈ ಬಿಸಿಯ 150 ವರ್ಷದ ದಾಖಲೆಯನ್ನು. ಅದು ಹರಿವಿನ ಒಳ್ಳೆಯ ಗುರುತು ಹೌದೋ ಅಲ್ಲವೋ ಅನ್ನೋದರಲ್ಲೇ ಬಲ್ಲವರ ನಡುವೆ ಜಗಳ ಇದೆ. ಹೊಳೆಯ ನೀರು ಎಷ್ಟು ಬಿಸಿ ಅಂತ ನೋಡಿ ಎಷ್ಟು ಕ್ಯೂಸೆಕ್ ಹೋಗ್ತಿದೆ ಅಂತ ಹೇಳಿದ ಹಾಗೆ.

ಮುಂಗಾರಿಗೆ ಸಂಬಂಧ ಇದೆ, ಘಟ್ಟದ ಮೇಲಿನ ಅಣ್ಣನಿಗೆ ಇದನ್ನು ಹೇಳಲೇಬೇಕು. ಸುಮಾರು 12,900ರಿಂದ 11,700 ವರ್ಷಗಳ ಹಿಂದೆ ಉತ್ತರ ಅಟ್ಲಾಂಟಿಕ್ ಮತ್ತೆ ತಣ್ಣಗಾಗಿತ್ತು, ಈ ಚಕ್ರವೂ ಸೊರಗಿತ್ತು. ಆ ಕಾಲದಲ್ಲಿ ನಮ್ಮ ಮುಂಗಾರೂ ದುರ್ಬಲವಾಗಿತ್ತು ಅಂತ ಅರಬ್ಬೀ ಸಮುದ್ರದ ತಳದ ಕೆಸರು ಹೇಳುತ್ತೆ. ಉತ್ತರ ತಣ್ಣಗಾದರೆ ಉಷ್ಣವಲಯದ ಮಳೆಯ ಪಟ್ಟಿ ದಕ್ಷಿಣಕ್ಕೆ ಸರಿಯುತ್ತೆ. ಆದರೆ ಈ ವರ್ಷ ಆರಿದ್ರೆ ಸೊರಗಿರೋದಕ್ಕೂ ಅದಕ್ಕೂ ನಂಟು ಹಾಕಬೇಡಿ. ವರ್ಷದಿಂದ ವರ್ಷಕ್ಕೆ ನಮ್ಮ ಮಳೆಯನ್ನು ಏರಿಳಿಸೋದರಲ್ಲಿ ಪೆಸಿಫಿಕ್‌ನ ಎಲ್ ನಿನೋ, ನಮ್ಮ ಹಿಂದೂ ಮಹಾಸಾಗರದ ಬಿಸಿಯ ಆಟ, ಇವುಗಳ ಕೈ ದೊಡ್ಡದು.

ಸಸಿ ಇಡಿ ಸರ್. ಒಂದು ವಿಡಿಯೋ ನೋಡಿ ಬಿಡುವಂಥ ಕೆಲಸ ಅಲ್ಲ ಅದು. ಬಸಿಗಾಲುವೆ ಆಳವಾಗಿ ತೆಗೆಸಿ, ಬೇಸಿಗೆಗೆ ಒಂದು ಕೆರೆಯನ್ನೂ ನೋಡಿಕೊಳ್ಳಿ. ಮಳೆ ಹೆಚ್ಚಾದರೂ ಕಡಿಮೆಯಾದರೂ ಎರಡೂ ಬೇಕಾಗುತ್ತೆ.

ಜೋಗದ ಹುಡುಗಿ
ಅಕ್ಕ, 640 ಮೀಟರ್ ಆಳದಲ್ಲಿ ಅಳೆಯೋದು ಹೇಗೆ? ಯಾರೂ ಇಳಿಯೋಕಾಗಲ್ವಲ್ಲ.

ಕಡಲ ಕಲಿಕೆ
ಎಡಿಸಿಪಿ ಅನ್ನೋ ಯಂತ್ರವನ್ನು ತಳದಲ್ಲಿ ಮೇಲ್ಮುಖ ಮಾಡಿ ಇಡ್ತಾರೆ. ಅದು ಶಬ್ದದ ತುಣುಕು ಬಿಡುತ್ತೆ. ನೀರಿನಲ್ಲಿ ತೇಲೋ ಸಣ್ಣ ಕಣಗಳಿಗೆ ತಾಗಿ ಶಬ್ದ ವಾಪಸ್ ಬರುತ್ತೆ. ಆಗುಂಬೆ ಘಾಟಿಯಲ್ಲಿ ಬಸ್ಸು ಎದುರಿಗೆ ಬರುವಾಗ ಹಾರ್ನ್ ಕೀರಲಾಗಿ, ದಾಟಿಹೋದ ಮೇಲೆ ಗಡುಸಾಗಿ ಕೇಳೋದಿಲ್ವಾ? ಅದೇ ರೀತಿ ವಾಪಸ್ ಬಂದ ಶಬ್ದದ ಬದಲಾವಣೆಯಿಂದ ಯಾವ ಮಟ್ಟದ ನೀರು ಎಷ್ಟು ವೇಗದಲ್ಲಿ ಹೋಗ್ತಿದೆ ಅಂತ ತಿಳಿಯುತ್ತೆ.

ಹೇಳಿದಷ್ಟು ಸುಲಭ ಅಲ್ಲ. 1967ರಲ್ಲಿ ಅಮೆರಿಕದ ವರ್ತಿಂಗ್ಟನ್ ಅನ್ನೋವರು ಡೆನ್ಮಾರ್ಕ್ ಜಲಸಂಧಿಯಲ್ಲಿ ಮೊದಲ ಸಲ ಮೀಟರ್ ಇಟ್ಟು ಅಳೆಯೋಕೆ ಹೋದಾಗ ಇಳಿಬಿಟ್ಟ ಮೀಟರ್‌ಗಳಲ್ಲಿ ಬಹಳಷ್ಟು ವಾಪಸ್ ಸಿಗಲೇ ಇಲ್ಲ. ಆ ಹರಿವು ಅಷ್ಟು ಜೋರು. ಮೀನಿನ ದೊಡ್ಡ ಬಲೆಗಳೂ ಎಳೆದುಕೊಂಡು ಹೋಗ್ತವೆ. 2004ರಲ್ಲಿ ಐಸ್‌ಲ್ಯಾಂಡ್‌ನ ಸ್ಟೈನ್‌ಗ್ರಿಮುರ್ ಯೋನ್ಸನ್ ಮತ್ತು ಹೆದಿನ್ ವಾಲ್ಡಿಮಾರ್ಸನ್ ತಮ್ಮ ದೇಶದ ಉತ್ತರದ ಇಳಿಜಾರಿನಲ್ಲಿ ಹೊಸ್ತಿಲಿನ ಕಡೆ ಹೋಗುವ ಒಂದು ಹರಿವನ್ನು ತೋರಿಸಿದರು. ಅಲ್ಲಿವರೆಗೆ ಅದು ಯಾರ ನಕ್ಷೆಯಲ್ಲೂ ಇರಲಿಲ್ಲ. ಲಿಂಗನಮಕ್ಕಿಗೆ ಬರುವ ಒಂದು ಹೊಳೆಯೇ ಗೊತ್ತಿರಲಿಲ್ಲ ಅಂದ ಹಾಗೆ ಅಲ್ವಾ? 2014ರಿಂದ ಓಸ್ನ್ಯಾಪ್ ಅಂತ ಕೆನಡಾದಿಂದ ಗ್ರೀನ್‌ಲ್ಯಾಂಡ್, ಅಲ್ಲಿಂದ ಸ್ಕಾಟ್ಲೆಂಡ್‌ವರೆಗೆ ಮೀಟರ್ ಸಾಲು ಇದೆ. ಈ ಚಕ್ರಕ್ಕೆ ಲ್ಯಾಬ್ರಡಾರ್ ಸಮುದ್ರವೇ ಮುಖ್ಯ ಅಂತ ಬಹಳ ಜನ ನಂಬಿದ್ದರು. ಗ್ರೀನ್‌ಲ್ಯಾಂಡ್‌ನ ಪೂರ್ವದ ಪಾಲೇ ತುಂಬ ಜಾಸ್ತಿ ಅಂತ 2019ರಲ್ಲಿ ಬಂದ ಮೊದಲ ಫಲಿತಾಂಶ ತೋರಿಸಿತು. ನೀನು ಓದು ಮುಗಿಸಿ ಬರುವ ಹೊತ್ತಿಗೆ ಈ ಸಾಲುಗಳು ಇನ್ನೂ ಇರಬೇಕು ಅನ್ನೋದೇ ನನ್ನ ಆಸೆ. ಹಣ ನಿಂತು ಒಂದೆರಡು ವರ್ಷ ಅಳತೆ ತಪ್ಪಿದರೆ ಆ ವರ್ಷಗಳನ್ನು ಯಾರೂ ತಂದುಕೊಡೋಕಾಗೋದಿಲ್ಲ.

ಸಾಗರದ ಮೇಷ್ಟ್ರು
ಇವತ್ತು ಇಟ್ಟಿಗೆಯ ಹಿಂದಿನ ಕೆಂಪು ನೀರಿಗೆ ಮೇಲಿಂದ ಸಿಹಿ ಮಂಜುಗಡ್ಡೆ ಹಾಕಿ ನೋಡಿದೆವು. ಕರಗಿದ ನೀರು ಕೆಂಪು ನೀರಿನ ಮೇಲೇ ನಿಂತಿತು, ತಣ್ಣಗಿದ್ದರೂ ಅದರ ಕೆಳಗೆ ಹೋಗಲಿಲ್ಲ. ಮೊಮ್ಮಗ ಬೆರಳು ಹಾಕಿ ಮೇಲೆ ಚಳಿ ಇದೆ ಅಜ್ಜ ಅಂದ. ಆದರೂ ಇಟ್ಟಿಗೆಯ ಮೇಲಿನ ಹರಿವು ಆಗ ಏನೂ ಬದಲಾಗಲಿಲ್ಲ. ಹಿಂದೆ ದಾಸ್ತಾನು ಇತ್ತಲ್ಲ.

ತೀರ್ಥಹಳ್ಳಿ ತೋಟದವ
ಇನ್ನೊಂದೇ ಪ್ರಶ್ನೆ ಮೇಡಂ. ಅಪ್ಪನ ಮಳೆ ಮಾಪಕ ಇರೋ ಜಾಗದಲ್ಲಿ ಈಗ ಹಲಸಿನ ಮರ ಕೊಂಬೆ ಚಾಚಿದೆ. ಅಂಗಳಕ್ಕೆ ಬದಲಾಯಿಸಲಾ?

ಕಡಲ ಕಲಿಕೆ
ಎತ್ತಿ ಬದಲಾಯಿಸಬೇಡಿ ಸರ್. ಹೊಸದೊಂದನ್ನು ಅಂಗಳದಲ್ಲಿ ಇಡಿ. ಹಳೆಯದು ಇದ್ದಲ್ಲೇ ಇರಲಿ. ಕನಿಷ್ಠ ಒಂದು ಪೂರ್ತಿ ಮಳೆಗಾಲ ಎರಡನ್ನೂ ಬರೀರಿ. ಆಗ ಮರ ಎಷ್ಟು ತಡೀತಿತ್ತು ಅಂತ ಗೊತ್ತಾಗುತ್ತೆ, ಹಳೆಯ ಲೆಕ್ಕಕ್ಕೂ ಹೊಸದಕ್ಕೂ ಕೊಂಡಿ ತಪ್ಪೋದಿಲ್ಲ. ಸಮುದ್ರದಲ್ಲಿ ಹಳೆ ಮೀಟರ್ ತೆಗೆದು ಹೊಸದು ಇಡುವಾಗಲೂ ಇದೇ ಚಿಂತೆ ಇರುತ್ತೆ. ಸಾಧ್ಯವಾದರೆ ಬೆಳಿಗ್ಗೆ 8:30ಕ್ಕೆ ಓದಿ. ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ಓದ್ತಾರೆ.

ತೀರ್ಥಹಳ್ಳಿ ತೋಟದವ
ಶಿವಮೊಗ್ಗದಿಂದ ಹೊಸ ಮಾಪಕ ತಂದೆ. ಅಂಗಳದ ತುಳಸಿಕಟ್ಟೆಯಿಂದ ದೂರಕ್ಕೆ, ಬಯಲಲ್ಲಿ ಕಂಬ ಹುಗಿದು ಕೂರಿಸಿದ್ದೇನೆ. ನಿನ್ನೆ ರಾತ್ರಿ ಮಳೆ ಹಿಡೀತು, ಹಳ್ಳ ಕೆಂಪಾಗಿದೆ. ಬೆಳಿಗ್ಗೆ 8:30ಕ್ಕೆ ಅಂಗಳದ್ದು 3.1 ಇಂಚು, ಹಲಸಿನ ಮರದಡಿಯದ್ದು 2.6. ಎರಡನ್ನೂ ಅಪ್ಪನ ಪುಸ್ತಕದಲ್ಲೇ ಬರೆದಿದ್ದೇನೆ.